ಹೋಮಿ ಜಹಾಂಗೀರ್ ಭಾಭಾ

ಹೋಮಿ ಜಹಾಂಗೀರ್ ಭಾಭಾ (30 ಅಕ್ಟೋಬರ್ 1909 – 24 ಜನವರಿ 1966) ಭಾರತದ ಸೈದ್ಧಾಂತಿಕ ಭೌತವಿಜ್ಞಾನಿ ಹಾಗೂ ದೇಶದ ಪರಮಾಣು ಶಕ್ತಿ ಕಾರ್ಯಕ್ರಮದ ರೂವಾರಿ. ಬೇರಿಯಾನ್ ಅನುರಣನಗಳು, ಅಂದರೆ ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳ ಅಲ್ಪಾಯುಷಿ ಉತ್ತೇಜಿತ ಸ್ಥಿತಿಗಳು, ಇರಬಹುದೆಂದು ಮೊದಲು ಸೂಚಿಸಿದವರಲ್ಲಿ ಇವರೂ ಒಬ್ಬರು.

ಜೀವನ

ಮುಂಬಯಿಯ ಪಾರ್ಸಿ ಕುಟುಂಬದಲ್ಲಿ ಜನಿಸಿದ ಭಾಭಾ ಕೇಂಬ್ರಿಡ್ಜ್‌ನಲ್ಲಿ ವ್ಯಾಸಂಗ ಮಾಡಿದರು. 1939ರಲ್ಲಿ ರಜೆಗೆಂದು ಭಾರತಕ್ಕೆ ಬಂದಿದ್ದಾಗ ಎರಡನೆಯ ಮಹಾಯುದ್ಧ ಆರಂಭವಾದ್ದರಿಂದ ಇಲ್ಲಿಯೇ ಉಳಿದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. 1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿದರು.

ಸಂಶೋಧನೆ

ಮೆಸಾನ್‌ಗಳು ಪ್ರೋಟಾನ್, ನ್ಯೂಟ್ರಾನ್‌ಗಳಿಗೆ ಬಡಿದು ಚದುರುವ ಪ್ರಮಾಣವು ಅಂದಿನ ಸಿದ್ಧಾಂತದಂತೆ ಬಹಳ ಹೆಚ್ಚಿರಬೇಕಿತ್ತು. ವಿಶ್ವಕಿರಣಗಳಲ್ಲಿ ಅದು ತೀರ ಕಡಿಮೆಯಾಗಿ ಕಂಡುಬಂದಿತ್ತು. ಈ ವಿರೋಧವನ್ನು ಬಗೆಹರಿಸಲು ಭಾಭಾ 1940ರಲ್ಲಿ, ಪ್ರೋಟಾನಿನ ಎರಡರಷ್ಟು ವಿದ್ಯುದಾವೇಶವುಳ್ಳ ಭಾರದ ಕಣವೂ ಋಣಾವೇಶದ ಭಾರದ ಕಣವೂ ಇರಬೇಕೆಂದು ಸೂಚಿಸಿದರು. ವಾಲ್ಟರ್ ಹೈಟ್ಲರ್ ಕೂಡ ಸ್ವತಂತ್ರವಾಗಿ ಇಂಥದೇ ಊಹೆಯನ್ನು ಮುಂದಿಟ್ಟರು.

ವಿಶ್ವಕಿರಣಗಳಲ್ಲಿ ಕಂಡಿದ್ದ ಕಣ ಪಯಾನ್ ಅಲ್ಲ, ಮ್ಯೂಯಾನ್ ಎಂದು 1947ರಲ್ಲಿ ತಿಳಿದಾಗ ಈ ಊಹೆಯ ಮೂಲ ಆಧಾರವೇ ಇಲ್ಲವಾಯಿತು. ಆದರೆ ಊಹಿಸಿದ್ದ ಕಣ ಉಳಿಯಿತು. 1952ರಲ್ಲಿ ಷಿಕಾಗೋದಲ್ಲಿ ಎನ್ರಿಕೊ ಫರ್ಮಿಯವರ ತಂಡವು ಧನ ಪಯಾನ್‌ಗಳನ್ನು ಪ್ರೋಟಾನ್‌ಗಳ ಮೇಲೆ ಹಾಯಿಸಿದಾಗ, ಶಕ್ತಿ ಹೆಚ್ಚಿದಂತೆ ಚದುರಿಕೆಯೂ ತೀವ್ರವಾಗಿ ಏರಿತು. ಚದುರಿದ ತರಂಗವನ್ನು ಕೋನೀಯ ಸಂವೇಗಕ್ಕೆ ಅನುಸಾರವಾಗಿ ಬಿಡಿಸಿ ನೋಡುವ ಆಂಶಿಕ ತರಂಗ ವಿಶ್ಲೇಷಣೆಯಿಂದ, ಅದು 3/2 ಸ್ಪಿನ್‌ನ, ಎರಡು ಧನಾವೇಶಗಳ ಡೆಲ್ಟಾ ಅನುರಣನವೆಂದು ಮುಂದೆ ಖಚಿತವಾಯಿತು. ಅದರ ದ್ರವ್ಯರಾಶಿ ಪ್ರೋಟಾನಿನ ಸುಮಾರು 1.3 ಪಟ್ಟು.

ನಿಧನ ಮತ್ತು ಸ್ಮರಣೆ

ಆಲ್ಪ್ಸ್ ಪರ್ವತದ ಮಾಂಟ್ ಬ್ಲಾಂಕ್ ಬಳಿ ನಡೆದ ವಿಮಾನ ಅಪಘಾತದಲ್ಲಿ ಭಾಭಾ ಮರಣಹೊಂದಿದರು. 1967ರಲ್ಲಿ ಟ್ರಾಂಬೆಯ ಪರಮಾಣು ಸಂಶೋಧನಾ ಕೇಂದ್ರಕ್ಕೆ ಅವರ ಹೆಸರನ್ನಿಡಲಾಯಿತು. ಈ ಕೇಂದ್ರಕ್ಕೂ ಭಾರತೀಯ ವಿಜ್ಞಾನ ಸಂಸ್ಥೆಗೂ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ಆವರಣಗಳಿವೆ.