ಖಾವಿ ತೊಟ್ಟ ಕಥೋಲಿಕ: ‘ಸಂಧ್ಯಾ’ ಸಂಪಾದಕನ ಕಥೆ

ಮತಾಂತರ ಅಂದ ಕೂಡಲೇ ನಮ್ಮ ಜನರ ಬಾಯಲ್ಲಿ ಬರುವುದು ಎರಡೇ ಮಾತು. ಯಾರೋ ದುಡ್ಡು ಕೊಟ್ಟಿರಬೇಕು, ಇಲ್ಲಾ ಯಾರೋ ತಲೆ ಕೆಡಿಸಿರಬೇಕು. ಅಂಗಡಿ ಕಟ್ಟೆಯಲ್ಲೂ ಇದೇ, ಬಸ್ ಸ್ಟ್ಯಾಂಡಿನ ಕ್ಯಾಂಟೀನಿನಲ್ಲೂ ಇದೇ. ಮಾತು ಅಲ್ಲಿಗೆ ಮುಗೀತು. ಆದರೆ ಓದು ಬಲ್ಲ, ಕೈಯಲ್ಲಿ ಕೆಲಸವಿದ್ದ, ಮೂವತ್ತು ತುಂಬಿದ ಒಬ್ಬ ಬ್ರಾಹ್ಮಣ ವರ್ಷಗಟ್ಟಲೆ ಯೋಚನೆ ಮಾಡಿ, ತಾನಾಗಿಯೇ ಹೋಗಿ ಇಗರ್ಜಿಯ ಬಾಗಿಲು ತಟ್ಟಿದ ಅಂದ್ರೆ ಅವನನ್ನು ಯಾವ ಲೆಕ್ಕಕ್ಕೆ ಹಾಕೋಣ?

ಅಂಥವರು ಬ್ರಹ್ಮಬಾಂಧವ ಉಪಾಧ್ಯಾಯ. ಬಂಗಾಳದವರು. ವಿವೇಕಾನಂದರ ಓರಗೆಯವರು, ರವೀಂದ್ರನಾಥ ಠಾಕೂರರ ಸ್ನೇಹಿತರು, ಬ್ರಿಟಿಷರ ಮೇಲೆ ಬೆಂಕಿಯುಗುಳಿದ ಪತ್ರಕರ್ತರು. ಸಂಜೆ ಪತ್ರಿಕೆ ಓದುವ ನಾವು ನೀವು ಇವರ ಹೆಸರು ತಿಳಿದಿರಲೇಬೇಕು. ಯಾಕೆಂದರೆ ಇವರು ನಡೆಸಿದ್ದೂ ಒಂದು ಸಂಜೆ ಪತ್ರಿಕೆಯೇ! ಹೆಸರು ‘ಸಂಧ್ಯಾ’. ಬೆಲೆ ಒಂದೇ ಒಂದು ಪೈಸೆ.

ಪೊಲೀಸರ ಮನೆಯ ಹುಡುಗ

1861ರ ಫೆಬ್ರವರಿ 11ರಂದು ಹೂಗ್ಲಿ ಜಿಲ್ಲೆಯ ಖನ್ಯಾನ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಹೆತ್ತವರು ಇಟ್ಟ ಹೆಸರು ಭವಾನಿಚರಣ ಬಂದ್ಯೋಪಾಧ್ಯಾಯ. ತಂದೆ ಬ್ರಿಟಿಷ್ ಸರಕಾರದ ಪೊಲೀಸ್ ಅಧಿಕಾರಿ. ತಾಯಿ ಬೇಗ ತೀರಿಕೊಂಡಿದ್ದರಿಂದ ಹುಡುಗನನ್ನು ಸಾಕಿದ್ದು ಅಜ್ಜಿ. ಅಪ್ಪ ಬ್ರಿಟಿಷರ ಸಂಬಳ ತಿಂದರೆ ಮಗನಿಗೆ ಬ್ರಿಟಿಷರನ್ನು ಕಂಡರಾಗದು. ಕಾಲೇಜು ಬಿಟ್ಟು, ಯುದ್ಧ ಕಲಿತು ಪರಂಗಿಯವರನ್ನು ಓಡಿಸುತ್ತೇನೆ ಅಂತ ಗ್ವಾಲಿಯರಿಗೆ ಹೊರಟ ಆಸಾಮಿ ಇವರು. ಅಲ್ಲಿ ನೆನೆಸಿದ್ದು ಆಗಲಿಲ್ಲ, ವಾಪಸು ಬಂದರು.

ಕಲ್ಕತ್ತೆಯಲ್ಲಿ ಆಗ ಕೇಶವಚಂದ್ರ ಸೇನರ ಕಾಲ. ಬ್ರಹ್ಮಸಮಾಜದ ಈ ಮುಂದಾಳು ಏಸುಕ್ರಿಸ್ತನನ್ನು ಬಹಳ ಕೊಂಡಾಡುತ್ತಿದ್ದರು. ಏಸು ಯುರೋಪಿನವನಲ್ಲ, ನಮ್ಮ ಹಾಗೆ ಏಷ್ಯಾದವನು ಎಂಬುದು ಅವರ ವಾದ. ಭವಾನಿಚರಣರಿಗೆ ಅದು ನಾಟಿತು. ಮನೆಯಲ್ಲೇ ಇನ್ನೊಂದು ಉದಾಹರಣೆ ಇತ್ತು. ಚಿಕ್ಕಪ್ಪ ಕಾಳಿಚರಣ ಬ್ಯಾನರ್ಜಿ ಪ್ರಾಟೆಸ್ಟೆಂಟ್ ಕ್ರೈಸ್ತರು, ಕಾಂಗ್ರೆಸ್ಸಿನಲ್ಲೂ ಹೆಸರಾದವರು. ದಕ್ಷಿಣೇಶ್ವರಕ್ಕೆ ಹೋಗಿ ರಾಮಕೃಷ್ಣ ಪರಮಹಂಸರನ್ನು ಕಂಡಿದ್ದೂ ಉಂಟು. ಅಂದ್ರೆ ಈ ಮನುಷ್ಯನಿಗೆ ಆಯ್ಕೆಗೇನೂ ಕೊರತೆ ಇರಲಿಲ್ಲ. ನಾಲ್ಕು ಕಡೆ ನೋಡಿ, ಕೇಳಿ, ತೂಗಿದವರು. 1887ರಲ್ಲಿ ಬ್ರಹ್ಮಸಮಾಜ ಸೇರಿದರು. ಮರುವರ್ಷ ಮೇಷ್ಟರ ಕೆಲಸಕ್ಕೆ ಅಂತ ಸಿಂಧ್ ಪ್ರಾಂತಕ್ಕೆ ಹೊರಟರು. ಅಲ್ಲೊಂದು ಹೈದರಾಬಾದ್ ಇದೆ, ನಿಜಾಮರದ್ದಲ್ಲ. ಈಗ ಪಾಕಿಸ್ತಾನಕ್ಕೆ ಸೇರಿದ ಊರು ಅದು.

ತಂದೆಯ ಹಾಸಿಗೆ ಪಕ್ಕ ಸಿಕ್ಕ ಪುಸ್ತಕ

ತಂದೆ ಮುಲ್ತಾನಿನಲ್ಲಿ ಕಾಯಿಲೆ ಬಿದ್ದರು. ಮಗ ಆರೈಕೆಗೆ ಹೋದರು. ಅಲ್ಲಿ ಕೈಗೆ ಸಿಕ್ಕಿದ್ದು ಫಾ ದಿ ಬ್ರೂನೋ ಎಂಬ ಪಾದ್ರಿ ಬರೆದ ‘ಕ್ಯಾಥೋಲಿಕ್ ಬಿಲೀಫ್’ ಎಂಬ ಪುಸ್ತಕ. ಹಾಸಿಗೆಯ ಪಕ್ಕ ಕೂತು ಓದಿದರು. ಓದಿದ್ದು ತಲೆಯಿಂದ ಹೋಗಲಿಲ್ಲ.

ಅವರೊಳಗೆ ನಡೆದ ಜಗ್ಗಾಟ ಏನು? ಮೊದಲನೇ ಪ್ರಶ್ನೆ ಏಸುವಿನದು. ಬ್ರಹ್ಮಸಮಾಜದ ಲೆಕ್ಕದಲ್ಲಿ ಆತ ದೊಡ್ಡ ಗುರು, ಅಷ್ಟೆ. ಕ್ರೈಸ್ತರ ಲೆಕ್ಕದಲ್ಲಿ ಸಾಕ್ಷಾತ್ ದೇವರು. ಗುರು ಅಂತ ಗೌರವ ಕೊಟ್ಟು ಸುಮ್ಮನಿರುವುದು ಸುಲಭ, ಯಾರ ತಂಟೆಯೂ ಇಲ್ಲ. ದೇವರು ಅಂತ ಒಪ್ಪಿದರೆ ಸುಮ್ಮನಿರೋಕಾಗಲ್ಲ. ಎರಡನೇ ಪ್ರಶ್ನೆ, ಸೇರುವುದಾದರೆ ಯಾವ ಸಭೆಗೆ? ಆ ಕಾಲದ ಬಹಳಷ್ಟು ಪ್ರಾಟೆಸ್ಟೆಂಟ್ ಮಿಷನರಿಗಳು ಹಿಂದೂಗಳದ್ದೆಲ್ಲ ಸೈತಾನನ ಕೆಲಸ ಅಂತ ಸಾರುತ್ತಿದ್ದರು. ಕಥೋಲಿಕ ಬೋಧನೆ ಬೇರೆ ತರ ಇತ್ತು. ಮನುಷ್ಯನ ಬುದ್ಧಿ ತನ್ನಷ್ಟಕ್ಕೇ ದೇವರಿದ್ದಾನೆಂದು ಕಾಣಬಲ್ಲದು, ಕೃಪೆ ಬಂದು ಅದನ್ನು ಪೂರ್ತಿ ಮಾಡುತ್ತದೆ ಎಂಬುದು ಅಲ್ಲಿನ ಪಾಠ. ಹಾಗಾದರೆ ನಮ್ಮ ಋಷಿಗಳು ಕಂಡದ್ದೂ ಸುಳ್ಳಾಗಬೇಕಿಲ್ಲವಲ್ಲ! ಇದು ಅವರಿಗೆ ಹಿಡಿಸಿತು. ಮೂರನೆಯದೇ ಕಷ್ಟದ ಪ್ರಶ್ನೆ. ಸೇರಿದ ಮೇಲೆ ನಾನು ಯಾರು? ನನ್ನ ಜನ ನನ್ನವರಾಗಿ ಉಳೀತಾರಾ?

ಎರಡು ಸಲ ನೀರು

1891ರ ಫೆಬ್ರವರಿ 26ರಂದು ಆಂಗ್ಲಿಕನ್ ಪಾದ್ರಿಯೊಬ್ಬರಿಂದ ಜ್ಞಾನಸ್ನಾನ ಪಡೆದರು. ಆದರೆ ಮೊದಲೇ ಷರತ್ತು ಹಾಕಿದ್ದರು. ಕ್ರಿಸ್ತನನ್ನು ಒಪ್ಪಿದ್ದೇನೆಯೇ ಹೊರತು ಇಂಗ್ಲೆಂಡಿನ ಚರ್ಚಿಗೆ ಸೇರುತ್ತಿಲ್ಲ ಅಂತ. ಪರಂಗಿ ಸರಕಾರವನ್ನೇ ಒಪ್ಪದವರು ಪರಂಗಿಯ ಸರಕಾರಿ ಚರ್ಚು ಸೇರುತ್ತಾರಾ? ಆಮೇಲೂ ಆರು ತಿಂಗಳು ಯೋಚನೆ ನಡೆದೇ ಇತ್ತು. ಕೊನೆಗೆ ಸೆಪ್ಟೆಂಬರ್ 1ರಂದು ಕರಾಚಿಯಲ್ಲಿ ಕಥೋಲಿಕರಾದರು.

ಇಲ್ಲೊಂದು ನಿಯಮ ತಿಳಿದುಕೊಳ್ಳಬೇಕು. ಕಥೋಲಿಕ ಸಭೆಯಲ್ಲಿ ಜ್ಞಾನಸ್ನಾನ ಜನ್ಮಕ್ಕೆ ಒಂದೇ ಸಲ. ಮೊದಲು ಆದದ್ದು ಸರಿಯಾಗಿತ್ತೋ ಇಲ್ಲವೋ ಎಂಬ ಅನುಮಾನವಿದ್ದರೆ, ಆಗಿಲ್ಲದಿದ್ದಲ್ಲಿ ಮಾತ್ರ ಇದು ಲೆಕ್ಕ ಎಂಬ ಷರತ್ತಿನ ಮೇಲೆ ಮತ್ತೊಮ್ಮೆ ಕೊಡುತ್ತಾರೆ. ಇವರಿಗೆ ಆದದ್ದು ಅದೇ.

1894ರಲ್ಲಿ ಹೆಸರು ಬದಲಾಯಿಸಿಕೊಂಡರು. ಥಿಯೋಫಿಲಸ್ ಎಂಬ ಗ್ರೀಕ್ ಹೆಸರಿಗೆ ದೇವರ ಗೆಳೆಯ ಅಂತ ಅರ್ಥ. ಅದನ್ನೇ ದೇಶೀ ಮಾಡಿ ಬ್ರಹ್ಮಬಾಂಧವ ಅಂದರು. ಬಂದ್ಯೋಪಾಧ್ಯಾಯದಲ್ಲಿ ಬಂದ್ಯ ಅಂದ್ರೆ ವಂದ್ಯ, ಪೂಜ್ಯ. ಶಿಲುಬೆ ಮೇಲೆ ಅವಮಾನ ಉಂಡವನ ಶಿಷ್ಯನಿಗೆ ಆ ಬಿರುದು ಯಾಕೆ ಅಂತ ಅದನ್ನು ಕಿತ್ತುಹಾಕಿ ಬರೀ ಉಪಾಧ್ಯಾಯ ಉಳಿಸಿಕೊಂಡರು. ಖಾವಿ ಉಟ್ಟರು. ಬರಿಗಾಲು, ಸಸ್ಯಾಹಾರ, ಕೊರಳಲ್ಲಿ ಶಿಲುಬೆ.

ಇಗರ್ಜಿಯವರಿಗೇ ಇದು ಸರಿಬರಲಿಲ್ಲ. ಖಾವಿಯಲ್ಲಿ ಒಳಗೆ ಬರಬೇಡಿ ಅಂದರು. ಉಪಾಧ್ಯಾಯರು ಬಿಡುವ ಪೈಕಿಯಲ್ಲ. ಹದಿನೇಳನೇ ಶತಮಾನದಲ್ಲಿ ಮಧುರೆಯಲ್ಲಿ ರಾಬರ್ಟ್ ಡಿ ನೊಬಿಲಿ ಎಂಬ ಪಾದ್ರಿ ಸಂನ್ಯಾಸಿ ವೇಷದಲ್ಲೇ ಇರಲಿಲ್ಲವೇ ಅಂತ ಮೇಲಿನವರಿಗೆ ಬರೆದು ಒಪ್ಪಿಗೆ ತಂದರು.

ಹಿಂದೂನೂ ಹೌದು, ಕಥೋಲಿಕನೂ ಹೌದು

1894ರಲ್ಲೇ ಕರಾಚಿಯಿಂದ ‘ಸೋಫಿಯಾ’ ಎಂಬ ಮಾಸಪತ್ರಿಕೆ ತೆಗೆದರು. 1898ರಲ್ಲಿ ಅದರಲ್ಲಿ ತಮ್ಮ ಮೂರನೇ ಪ್ರಶ್ನೆಗೆ ಉತ್ತರ ಬರೆದರು. ಉತ್ತರದ ಸಾರ ಇಷ್ಟು: ಊಟ, ಉಡುಗೆ, ಜಾತಿ, ಆಚಾರ ಇದೆಲ್ಲ ಸಮಾಜಧರ್ಮ. ಅದರಲ್ಲಿ ತಾವು ಹುಟ್ಟಿನಿಂದ ಹಿಂದೂ, ಸಾಯುವ ತನಕ ಹಿಂದೂ. ಮುಕ್ತಿಯ ದಾರಿ ಸಾಧನಧರ್ಮ. ಅದರಲ್ಲಿ ತಾವು ಕಥೋಲಿಕ. ಎರಡಕ್ಕೂ ಜಗಳ ಯಾಕೆ? ಅದೇ ವರ್ಷ ಕ್ರೈಸ್ತರ ತ್ರಿತ್ವವನ್ನು ಸತ್, ಚಿತ್, ಆನಂದ ಅಂತ ಹೊಗಳುವ ಸಂಸ್ಕೃತ ಸ್ತೋತ್ರವನ್ನೂ ರಚಿಸಿದರು.

ಮರುವರ್ಷ ಜಬಲ್ಪುರದಲ್ಲಿ ನರ್ಮದಾ ದಡದ ಮೇಲೆ ಕಾಸ್ಥಲಿಕ ಮಠ ಶುರುವಾಯಿತು. ನಾಗಪುರದ ಬಿಷಪರ ಒಲವಿತ್ತು. ಆದರೆ ಪೋಪರ ಪ್ರತಿನಿಧಿ ಜಲೆಸ್ಕಿಯವರು ಒಪ್ಪಲೇ ಇಲ್ಲ. ಮಠ ಮುಚ್ಚಿತು. ಕಲ್ಕತ್ತೆಗೆ ಬಂದು ವಾರಪತ್ರಿಕೆಯಾಗಿ ‘ಸೋಫಿಯಾ’ ತೆಗೆದರೆ, ಕಥೋಲಿಕರು ಅದನ್ನು ಓದಬಾರದು ಅಂತ ಆಜ್ಞೆ! ಸ್ವಂತ ಇಷ್ಟದಿಂದ ಹೊಕ್ಕ ಮನೆಯ ಯಜಮಾನನೇ ಬಾಗಿಲು ಹಾಕಿದ ಹಾಗಾಯಿತು.

ಆದರೂ ಸಭೆ ಬಿಡಲಿಲ್ಲ. 1901ರಲ್ಲಿ ಠಾಕೂರರು ಶಾಂತಿನಿಕೇತನದಲ್ಲಿ ಶಾಲೆ ತೆರೆದಾಗ ಇವರೂ ಇವರ ಸಿಂಧಿ ಶಿಷ್ಯ ರೇವಾಚಂದರೂ ಹೋಗಿ ನಿಂತು ಶಾಲೆ ನಡೆಸಿಕೊಟ್ಟರು. 1902ರ ಜುಲೈ 4ರಂದು ವಿವೇಕಾನಂದರು ತೀರಿಕೊಂಡರು. ಸುದ್ದಿ ಕೇಳಿ, ಅವರ ಕೆಲಸ ನಿಲ್ಲಬಾರದು ಅಂತ ಇಂಗ್ಲೆಂಡಿಗೆ ಹೊರಟರು. ಜೇಬಿನಲ್ಲಿ ಇದ್ದದ್ದು 27 ರೂಪಾಯಿ! ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ವೇದಾಂತದ ಮೇಲೆ ಭಾಷಣ ಮಾಡಿದ ಈ ಖಾವಿಧಾರಿಯ ಕೈಯಲ್ಲಿ ಒಳ್ಳೆಯ ಕಥೋಲಿಕ ಎಂದು ಕಲ್ಕತ್ತೆಯ ಆರ್ಚ್‌ಬಿಷಪರು ಕೊಟ್ಟ ಪತ್ರವಿತ್ತು.

ಪೈಸೆ ಪತ್ರಿಕೆ, ರಾಜದ್ರೋಹ

ವಾಪಸು ಬಂದ ಮೇಲೆ ರಾಜಕೀಯ ಸೆಳೆಯಿತು. 1904ರಲ್ಲಿ ‘ಸಂಧ್ಯಾ’ ಹುಟ್ಟಿತು. ಪಂಡಿತರ ಬಂಗಾಳಿ ಅಲ್ಲ, ಸಂತೆ ಬಂಗಾಳಿ. ಅಂಗಡಿಯವನು, ಗುಮಾಸ್ತ, ಗಾಡಿ ಹೊಡೆಯುವವನು ಎಲ್ಲರಿಗೂ ತಿಳಿಯೋ ಹಾಗೆ ಬೈಗುಳ, ಗಾದೆ, ತಮಾಷೆ. 1905ರಲ್ಲಿ ಬಂಗಾಳ ಇಬ್ಭಾಗವಾದಾಗ ‘ಸಂಧ್ಯಾ’ ಉರಿದುಬಿತ್ತು.

ಇತ್ತ ಧರ್ಮದ ಎಳೆ ಬಿಗಿಯುತ್ತಾ ಬಂತು. ಕಲ್ಕತ್ತೆಯ ತಮ್ಮ ಶಾಲೆಯಲ್ಲಿ ಹುಡುಗರಿಗಾಗಿ ಸರಸ್ವತಿ ಪೂಜೆ ಇಟ್ಟುಕೊಂಡರು. ಜೊತೆಗೇ ಕಥೋಲಿಕರಾಗಿದ್ದ ರೇವಾಚಂದರಿಗೆ ಅದು ಸಹಿಸಲಿಲ್ಲ, ಬೇರೆಯಾದರು. ಇಷ್ಟು ವರ್ಷದ ಶಿಷ್ಯ ಹೊರಟುಹೋದದ್ದು ಸಣ್ಣ ಪೆಟ್ಟಲ್ಲ. 1907ರಲ್ಲಿ ಉಪಾಧ್ಯಾಯರು ಸಮುದ್ರ ದಾಟಿದ್ದಕ್ಕೆ, ಪರದೇಶಿಗಳ ಜೊತೆ ಉಂಡದ್ದಕ್ಕೆ ಶಾಸ್ತ್ರೋಕ್ತ ಪ್ರಾಯಶ್ಚಿತ್ತ ಮಾಡಿಕೊಂಡರು. ಮತ್ತೆ ಹಿಂದೂ ಆದರು ಅಂತ ಒಂದು ಗುಂಪು. ಅದು ಸಮಾಜಧರ್ಮದ ಶಾಸ್ತ್ರ, ಕ್ರಿಸ್ತನನ್ನು ಬಿಟ್ಟದ್ದಲ್ಲ ಅಂತ ಇನ್ನೊಂದು ಗುಂಪು. ಆ ಜಗಳ ಇವತ್ತಿಗೂ ತೀರಿಲ್ಲ.

ಅದೇ ಸೆಪ್ಟೆಂಬರಿನಲ್ಲಿ ರಾಜದ್ರೋಹದ ಆಪಾದನೆ ಮೇಲೆ ದಸ್ತಗಿರಿಯಾಯಿತು. ವಕೀಲರು ಚಿತ್ತರಂಜನ ದಾಸರು. ಬರೆದದ್ದಕ್ಕೆಲ್ಲ ತಾನೇ ಹೊಣೆ, ಆದರೆ ದೇವರು ಹಚ್ಚಿದ ಸ್ವರಾಜ್ಯದ ಕೆಲಸಕ್ಕೆ ಪರಕೀಯ ಸರಕಾರಕ್ಕೆ ಲೆಕ್ಕ ಒಪ್ಪಿಸುವುದಿಲ್ಲ ಅಂತ ಕೋರ್ಟಿಗೆ ತಿಳಿಸಿ ವಿಚಾರಣೆಯಲ್ಲಿ ಭಾಗವಹಿಸಲಿಲ್ಲ. ತೀರ್ಪು ಬರುವ ಮೊದಲೇ ಹರ್ನಿಯಾ ಆಪರೇಷನ್ನಿಗೆ ಕ್ಯಾಂಪ್‌ಬೆಲ್ ಆಸ್ಪತ್ರೆ ಸೇರಿದರು. ಧನುರ್ವಾಯು ತಗುಲಿ ಅಕ್ಟೋಬರ್ 27ರಂದು ಪ್ರಾಣ ಹೋಯಿತು. ವಯಸ್ಸು ಬರೀ 46. ಭಾರೀ ಜನ ಸೇರಿ ಹೆಣ ಹೊತ್ತು ನಡೆದರು. ಹಿಂದೂ ವಿಧಿಯಂತೆ ದಹನವಾಯಿತು. ಇಗರ್ಜಿಯ ಗಂಟೆ ಬಾರಿಸಲಿಲ್ಲ.

ಆಮೇಲೆ ಆದದ್ದು

1950ರಲ್ಲಿ ತಮಿಳುನಾಡಿನ ಕುಳಿತಲೈ ಹತ್ತಿರ, ಕಾವೇರಿ ದಡದಲ್ಲಿ ಫ್ರಾನ್ಸಿನ ಇಬ್ಬರು ಕಥೋಲಿಕ ಪಾದ್ರಿಗಳು ಖಾವಿ ಉಟ್ಟು ಆಶ್ರಮ ಕಟ್ಟಿದರು. ಹೆಸರು ಸಚ್ಚಿದಾನಂದ ಆಶ್ರಮ, ಜನ ಕರೆಯುವುದು ಶಾಂತಿವನಂ. 1962ರಿಂದ 1965ರ ತನಕ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ ಬೇರೆ ಧರ್ಮಗಳಲ್ಲಿ ಸತ್ಯವಾದದ್ದನ್ನು ಸಭೆ ತಳ್ಳಿಹಾಕುವುದಿಲ್ಲ ಅಂತ ಸಾರಿತು. ಉಪಾಧ್ಯಾಯರ ಸಂಸ್ಕೃತ ಸ್ತೋತ್ರವನ್ನು ಈಗ ಕಥೋಲಿಕರೇ ಹಾಡುತ್ತಾರೆ. ಯಾವುದಕ್ಕೆ ಅವರ ಮಠ ಮುಚ್ಚಿಸಿದರೋ ಅದೇ ಐವತ್ತು ಅರವತ್ತು ವರ್ಷದಲ್ಲಿ ಮಾನ್ಯವಾಯಿತು.

ಸೇರುವ ಕ್ರಮವೂ ಈಗ ವಿವರವಾಗಿದೆ. 1972ರಲ್ಲಿ ರೋಮ್ ಹೊರಡಿಸಿದ ವಿಧಿಯ ಪ್ರಕಾರ ದೊಡ್ಡವರು ಕಥೋಲಿಕರಾಗಬೇಕಾದರೆ ಹಂತ ಹಂತವಾಗಿ ಕಲಿಯಬೇಕು, ತಿಂಗಳುಗಟ್ಟಲೆ ಕಾಯಬೇಕು. ಸಾಮಾನ್ಯವಾಗಿ ಈಸ್ಟರ್ ಹಿಂದಿನ ರಾತ್ರಿ ಜ್ಞಾನಸ್ನಾನ. ನಡುವೆ ಬೇಡ ಅನಿಸಿದರೆ ಹಿಂದೆ ಸರಿಯಬಹುದು. ಅವಸರಕ್ಕೆ ಅಲ್ಲಿ ಜಾಗವಿಲ್ಲ.

ಉಪಾಧ್ಯಾಯರು ಮಾಡಿದ್ದೆಲ್ಲ ಸರಿ ಅಂತ ಹೇಳುವುದು ನಮ್ಮ ಕೆಲಸವಲ್ಲ. ಆದರೆ ಅವರಿಗೆ ಇದರಿಂದ ಲಾಭ ಏನು ಬಂತು ಅಂತ ವ್ಯಾಪಾರಸ್ಥರೇ ಲೆಕ್ಕ ಹಾಕಿ ನೋಡಲಿ. ದುಡ್ಡು ಬರಲಿಲ್ಲ, ಪದವಿ ಬರಲಿಲ್ಲ. ಇಗರ್ಜಿಯವರು ಹಿಂದೂ ಅಂದರು, ಹಿಂದೂಗಳು ಕಿಲಸ್ತಾನ ಅಂದರು, ಸರಕಾರ ರಾಜದ್ರೋಹಿ ಅಂತು. ಮೂರೂ ಕಡೆ ನಷ್ಟವೇ. ಆದರೂ ತಾನು ಸತ್ಯ ಅಂತ ಕಂಡದ್ದನ್ನೂ ಬಿಡಲಿಲ್ಲ, ತನ್ನ ಜನರನ್ನೂ ಬಿಡಲಿಲ್ಲ. ಇನ್ನೊಮ್ಮೆ ಯಾರಾದರೂ ಧರ್ಮ ಬದಲಿಸಿದ ಸುದ್ದಿ ಬಂದಾಗ, ಎಷ್ಟು ದುಡ್ಡು ತಗೊಂಡ ಅಂತ ಕೇಳುವ ಮೊದಲು, ಎಷ್ಟು ವರ್ಷ ಯೋಚನೆ ಮಾಡಿದ ಅಂತಲೂ ಒಂದು ಮಾತು ಕೇಳಿ ನೋಡೋಣ.