ಶಿಶುನಾಳ ಶರೀಫರ ಬದುಕನ್ನು ತರಗತಿಯಲ್ಲಿ ಹೇಳುವಾಗ

ಧಾರ್ಮಿಕ ಸಹಿಷ್ಣುತೆಯನ್ನು ಬೋಧಿಸಲು ಒಬ್ಬ ವ್ಯಕ್ತಿಯ ಜೀವನವನ್ನು ಆರಿಸಿಕೊಳ್ಳಿ ಎಂದರೆ ನಮ್ಮ ಪ್ರಶಿಕ್ಷಣಾರ್ಥಿಗಳಲ್ಲಿ ಹೆಚ್ಚಿನವರು ಶಿಶುನಾಳ ಶರೀಫರನ್ನೇ ಆರಿಸುತ್ತಾರೆ. ಆಯ್ಕೆ ಒಳ್ಳೆಯದೇ. ಮಕ್ಕಳಿಗೆ ಹಾಡುಗಳು ಮೊದಲೇ ಗೊತ್ತಿರುತ್ತವೆ, ಪೀಠಿಕೆಗೆ ತಿಣುಕಬೇಕಾಗಿಲ್ಲ. ಆದರೆ ವೀಕ್ಷಣಾ ಪುಸ್ತಕ ಹಿಡಿದು ಹಿಂದಿನ ಬೆಂಚಿನಲ್ಲಿ ಕುಳಿತು ಈ ಪಾಠವನ್ನು ಹಲವು ಸಲ ಕೇಳಿದ ನನಗೆ ಒಂದು ಸಂಗತಿ ಕಾಡುತ್ತಲೇ ಇದೆ. ಪಾಠದ ಎರಡನೆಯ ನಿಮಿಷಕ್ಕೆ ಶರೀಫರು ಗೋವಿಂದ ಭಟ್ಟರ ಮನೆ ಸೇರಿಬಿಡುತ್ತಾರೆ. ಐದನೆಯ ನಿಮಿಷಕ್ಕೆ ಕೊರಳಿಗೆ ಜನಿವಾರ ಬೀಳುತ್ತದೆ. ಅವರು ಮುಸಲ್ಮಾನರು ಎಂಬುದು ಅಲ್ಲಿಂದ ಮುಂದೆ ಬರೀ ಹೆಸರಿನಲ್ಲಿ ಉಳಿಯುತ್ತದೆ. ಅದೇ ತರಗತಿಯಲ್ಲಿ ಮುಸ್ಲಿಂ ಮಕ್ಕಳೂ ಕುಳಿತಿರುತ್ತಾರೆ. ತಮ್ಮ ಮನೆಯ ನಂಬಿಕೆಯನ್ನು ದಾಟಿ ಬಂದವನಿಗೆ ಮಾತ್ರ ಇಲ್ಲಿ ಚಪ್ಪಾಳೆ ಎಂದು ಆ ಮಕ್ಕಳು ತಿಳಿದರೆ ಅದು ಸಹಿಷ್ಣುತೆಯ ಪಾಠ ಹೇಗಾದೀತು? ಆದ್ದರಿಂದ, ಪಾಠಯೋಜನೆಗಳಲ್ಲಿ ಬಿಟ್ಟುಹೋಗುವ ಭಾಗಗಳನ್ನು ಸೇರಿಸಿ ಆ ಬದುಕನ್ನು ಇಲ್ಲಿ ಹೇಳುತ್ತೇನೆ.

ಶರೀಫರು ಹುಟ್ಟಿದ್ದು 1819ರಲ್ಲಿ, ಈಗ ಹಾವೇರಿ ಜಿಲ್ಲೆಯಲ್ಲಿರುವ ಶಿಗ್ಗಾವಿ ತಾಲೂಕಿನ ಶಿಶುನಾಳದಲ್ಲಿ. ಪೇಶ್ವೆಯ ಆಡಳಿತ ಮುಗಿದು ಆ ಸೀಮೆ ಕಂಪನಿ ಸರ್ಕಾರದ ಕೈಗೆ ಬಂದು ಆಗಿನ್ನೂ ಒಂದು ವರ್ಷ. ತಂದೆ ಇಮಾಮ ಸಾಹೇಬರು, ತಾಯಿ ಹಜ್ಜುಮಾ. ಈ ದಂಪತಿಗೆ ಬಹಳ ಕಾಲ ಮಕ್ಕಳಿರಲಿಲ್ಲ, ಸಮೀಪದ ಹುಲಗೂರಿನ ಖಾದರ ಷಾ ವಲಿಯವರ ದರ್ಗಾಕ್ಕೆ ಹರಕೆ ಹೊತ್ತ ಮೇಲೆ ಈ ಮಗ ಹುಟ್ಟಿದ ಎಂಬುದು ಆ ಭಾಗದ ನಂಬಿಕೆ. ಮಗುವಿಗೆ ಮೊಹಮ್ಮದ್ ಶರೀಫ್ ಎಂದು ಹೆಸರಿಟ್ಟರು. ಶರೀಫ್ ಎಂದರೆ ಅರಬ್ಬಿಯಲ್ಲಿ ಶ್ರೇಷ್ಠನಾದವನು, ಕುಲೀನ. ಈ ಅರ್ಥವನ್ನು ಕಪ್ಪುಹಲಗೆಯ ಮೇಲೆ ಬರೆದ ಪ್ರಶಿಕ್ಷಣಾರ್ಥಿಯನ್ನು ನಾನು ಇನ್ನೂ ಕಂಡಿಲ್ಲ. ಕಥೆ ಶುರುವಾಗುವುದು ದರ್ಗಾದಿಂದ. ಇಮಾಮ ಸಾಹೇಬರ ಮನೆಯಲ್ಲಿ ಕುರಾನಿನ ಜೊತೆಗೆ ರಾಮಾಯಣ, ಮಹಾಭಾರತಗಳ ಕಥೆಯೂ ಹುಡುಗನ ಕಿವಿಗೆ ಬೀಳುತ್ತಿತ್ತು. ಹಿಂದೂ ಗುರು ಸಿಗುವುದಕ್ಕೂ ಮೊದಲೇ ಬೇರೆಯವರ ಕಥೆಗಳಿಗೆ ಬಾಗಿಲು ತೆರೆದಿದ್ದ ಮುಸ್ಲಿಂ ಮನೆ ಅದು. ಈ ಕ್ರಮ ತಪ್ಪಿದರೆ ಉದಾರತೆಯೆಲ್ಲ ಒಂದೇ ಕಡೆಯಿಂದ ಬಂತು ಎಂದು ಮಕ್ಕಳು ತಿಳಿಯುತ್ತಾರೆ.

ಬಾಲ್ಯದ ಇನ್ನೊಂದು ಪಾಠಶಾಲೆ ಮೊಹರಂ. ಧಾರವಾಡ, ಹಾವೇರಿ, ಗದಗ, ಕೊಪ್ಪಳದ ಕಡೆ ಇದ್ದವರಿಗೆ ಅಲಾಯಿ ದೇವರು, ಹೆಜ್ಜೆ ಮೇಳ, ರಿವಾಯತ್ ಪದಗಳನ್ನು ವಿವರಿಸಬೇಕಾಗಿಲ್ಲ. ಮೈಸೂರು ಕಡೆಯ ಪ್ರಶಿಕ್ಷಣಾರ್ಥಿಗಳಿಗೆ ಸ್ವಲ್ಪ ಹೇಳಬೇಕು. ಹಿಜರಿ 61ರಲ್ಲಿ, ಅಂದರೆ ಕ್ರಿ.ಶ. 680ರಲ್ಲಿ, ಈಗಿನ ಇರಾಕಿನ ಕರ್ಬಲಾ ಬಯಲಿನಲ್ಲಿ ಪ್ರವಾದಿ ಮುಹಮ್ಮದರ ಮೊಮ್ಮಗ ಹುಸೇನರು ಯಜೀದನ ಸೈನ್ಯದ ಕೈಯಲ್ಲಿ ಹತರಾದರು. ಹತ್ತಿರದಲ್ಲೇ ನದಿ ಹರಿಯುತ್ತಿದ್ದರೂ ಅವರ ಮಕ್ಕಳುಮರಿಗೆ ನೀರು ಸಿಗದಂತೆ ತಡೆದರು. ಮೊಹರಂ ತಿಂಗಳ ಹತ್ತನೆಯ ದಿನ ಆ ದುಃಖದ ದಿನ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಪಂಜಾ ಕೂಡಿಸಿ, ಕುಣಿ ತೋಡಿ ಬೆಂಕಿ ಹಾಕಿ, ಕರ್ಬಲಾದ ಕಥೆಯನ್ನು ಕನ್ನಡದಲ್ಲೇ ಹಾಡುತ್ತಾರೆ. ಹಾಡುವವರಲ್ಲಿ ಹಿಂದೂಗಳೂ ಇರುತ್ತಾರೆ. ಮುಸಲ್ಮಾನರ ಒಂದು ಮನೆಯೂ ಇಲ್ಲದ ಊರುಗಳಲ್ಲಿಯೂ ಮೊಹರಂ ನಡೆಯುತ್ತದೆ. ಶರೀಫರ ನಾಲಗೆ ಪಳಗಿದ್ದು ಇಂಥ ಮೇಳಗಳಲ್ಲಿ. ಮುಂದೆ ಅವರೂ ಮೊಹರಂ ಪದಗಳನ್ನು ಕಟ್ಟಿದರು. ಶರೀಫರ ತತ್ವಪದಗಳನ್ನು ಕಲಿಸುವ ನಾವು ಈ ಪದಗಳ ಹೆಸರೆತ್ತುವುದಿಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಮೊಹರಂ ಹಬ್ಬದ ಶುಭಾಶಯಗಳು ಎಂದು ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆಯುವುದುಂಟು. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಅದು ಸಾವಿನ ನೆನಪಿನ ದಿನ. ಮತ್ತೆ, ಎಲ್ಲ ಮುಸಲ್ಮಾನರೂ ಪಂಜಾ ಕೂಡಿಸುವುದಿಲ್ಲ. ಒಬ್ಬನೇ ದೇವರ ಹೊರತು ಬೇರೆ ಯಾವುದಕ್ಕೂ ತಲೆಬಾಗಬಾರದು ಎಂದು ಅದನ್ನು ಒಪ್ಪದೆ, ಆ ದಿನ ಉಪವಾಸ ಮಾತ್ರ ಮಾಡುವ ಮನೆಗಳೂ ಬಹಳ. ನಿಮ್ಮ ತರಗತಿಯಲ್ಲಿ ಎರಡೂ ಬಗೆಯ ಮನೆಯ ಮಕ್ಕಳಿರಬಹುದು. ನಿಮ್ಮಲ್ಲಿ ಹೇಗೆ ಮಾಡುತ್ತೀರಿ ಎಂದು ಒಬ್ಬ ಹುಡುಗನನ್ನು ಎಬ್ಬಿಸಿ ನಿಲ್ಲಿಸಿ ಇಡೀ ಸಮುದಾಯದ ಪರವಾಗಿ ಉತ್ತರ ಕೇಳಬೇಡಿ.

ಶರೀಫರು ನಮ್ಮ ವೃತ್ತಿಯವರೇ ಎಂಬುದು ನಮ್ಮವರಿಗೆ ನೆನಪಿರುವುದಿಲ್ಲ. ಮುಲ್ಕಿ ಪರೀಕ್ಷೆ ಪಾಸು ಮಾಡಿ ಸುತ್ತಲಿನ ಹಳ್ಳಿಗಳ ಕನ್ನಡ ಶಾಲೆಗಳಲ್ಲಿ ಕೆಲಕಾಲ ಮಾಸ್ತರಿಕೆ ಮಾಡಿದರು. ಮನಸ್ಸು ಅಲ್ಲಿ ನಿಲ್ಲಲಿಲ್ಲ. ಕಳಸದ ಗೋವಿಂದ ಭಟ್ಟರನ್ನು ಹಿಂಬಾಲಿಸಿದರು. ಭಟ್ಟರು ಬ್ರಾಹ್ಮಣರಾದರೂ ಮಡಿಮೈಲಿಗೆಯ ಗೊಡವೆಗೆ ಹೋಗದವರು, ಸ್ವಜಾತಿಯವರ ಕಣ್ಣಿಗೆ ಕಸವಾಗಿದ್ದವರು. ನಿನ್ನ ತಂದೆ ಯಾರು ಎಂದು ಅವರು ಕೇಳಿದಾಗ, ನಿಮ್ಮ ತಂದೆ ಯಾರೋ ನನ್ನ ತಂದೆಯೂ ಅವನೇ ಎಂಬರ್ಥದಲ್ಲಿ ಹುಡುಗ ಉತ್ತರ ಕೊಟ್ಟನೆಂದು ಜನ ಹೇಳುತ್ತಾರೆ. ಗುರು ಶಿಷ್ಯರು ಒಂದೇ ಕಡೆ ಕೂತು ಉಂಡರು. ಎರಡೂ ಕಡೆಯವರು ಗೊಣಗಿದರು. ಮಗ ಬ್ರಾಹ್ಮಣ ಗುರುವಿನ ಹಿಂದೆ ಹೋದರೂ ಇಮಾಮ ಸಾಹೇಬರು ತಡೆಯಲಿಲ್ಲ ಎನ್ನುತ್ತಾರೆ. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅತ್ಯಂತ ಧೈರ್ಯದ ನಡೆ ಈ ತಂದೆಯದು.

ಇನ್ನು ಜನಿವಾರ. ಗುರು ತನ್ನ ಜನಿವಾರವನ್ನು ಶಿಷ್ಯನಿಗೆ ಹಾಕಿದ ಪ್ರಸಂಗವನ್ನು ಪಾಠದಿಂದ ಕೈಬಿಡಿ ಎಂದು ನಾನು ಹೇಳುವುದಿಲ್ಲ. ಅದನ್ನು ಮತಾಂತರದಂತೆ ಹೇಳಬೇಡಿ ಎನ್ನುತ್ತೇನೆ. ಆ ಕಾಲದಲ್ಲಿ ಅದು ಮೊದಲು ಕೆಣಕಿದ್ದು ಜನಿವಾರ ತಮಗೆ ಮಾತ್ರ ಸಲ್ಲುತ್ತದೆ ಎಂದುಕೊಂಡವರನ್ನು. ಭಟ್ಟರು ಶಿಷ್ಯನ ಹೆಸರು ಬದಲಿಸಲಿಲ್ಲ. ಶರೀಫರು ತಮ್ಮ ಸಮುದಾಯದ ಫಾತಿಮಾರನ್ನು ಮದುವೆಯಾದರು, ಒಬ್ಬ ಮಗಳು ಹುಟ್ಟಿದಳು. ಹೆಂಡತಿ ಬೇಗ ತೀರಿಕೊಂಡರು. ಆಮೇಲೆ ಮನೆ ಅವರನ್ನು ಹಿಡಿದಿಡಲಿಲ್ಲ. ಮಠ, ದರ್ಗಾ, ಗುಡ್ಡ, ಜಾತ್ರೆ ಎಂದು ತಿರುಗಿದರು. ನವಲಗುಂದದ ನಾಗಲಿಂಗ ಅಜ್ಜನಂಥವರ ಒಡನಾಟ ಬೆಳೆಯಿತು. ತಮ್ಮ ಊರಿನ ದೇವರನ್ನೇ ಅಂಕಿತ ಮಾಡಿಕೊಂಡು, ಕಂಡದ್ದರ ಮೇಲೆಲ್ಲ ಪದ ಕಟ್ಟಿದರು.

ಪಾಠದ ಕೊನೆಯಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. ಶರೀಫರು ಹಿಂದೂನೋ ಮುಸ್ಲಿಮೋ? ಎರಡೂ ಅಲ್ಲ, ಮನುಷ್ಯ ಎಂದು ನಮ್ಮ ಪ್ರಶಿಕ್ಷಣಾರ್ಥಿಗಳು ಥಟ್ಟನೆ ಹೇಳುತ್ತಾರೆ, ತರಗತಿ ಖುಷಿಪಡುತ್ತದೆ. ನನಗೆ ಈ ಉತ್ತರ ಒಗ್ಗುವುದಿಲ್ಲ. ಮುಸ್ಲಿಮನಾಗಿ ಇರುವುದೂ ಮನುಷ್ಯನಾಗಿ ಇರುವುದೂ ಬೇರೆ ಬೇರೆ ಎಂಬಂತೆ ಅದು ಕೇಳಿಸುತ್ತದೆ. ಅವರು ಮುಸಲ್ಮಾನರು, ಬ್ರಾಹ್ಮಣರೊಬ್ಬರನ್ನು ಗುರುವಾಗಿ ಪಡೆದವರು, ಊರಿನ ಎಲ್ಲ ದೇವರ ಅಂಗಳದಲ್ಲೂ ಕೂತು ಹಾಡಿದವರು ಎಂದರೆ ಸಾಕು. ಅಷ್ಟು ಸಂಗತಿಯನ್ನು ಏಳನೆಯ ತರಗತಿಯ ಮಗು ಸುಲಭವಾಗಿ ಹಿಡಿಯುತ್ತದೆ.

ಬೋಧನೋಪಕರಣದ ಬಗ್ಗೆಯೂ ಒಂದು ಮಾತು. ಎಲ್ಲ ಧರ್ಮಗಳ ಸ್ಥಾಪಕರ ಚಿತ್ರಪಟ ಮಾಡುವ ಉತ್ಸಾಹದಲ್ಲಿ ಪ್ರವಾದಿಯವರ ಚಿತ್ರ ಬರೆಯಲು ಹೋಗಬೇಡಿ. ಅವರ ರೂಪವನ್ನು ಚಿತ್ರಿಸುವುದು ಮುಸಲ್ಮಾನರಿಗೆ ನೋವು ತರುವ ಸಂಗತಿ. ಶರೀಫರ ಚಿತ್ರ ತೂಗುಹಾಕಬಹುದು. ಟಿ.ಎಸ್. ನಾಗಾಭರಣರ 1990ರ ಚಲನಚಿತ್ರದ ಒಂದು ಭಾಗವನ್ನು ತೋರಿಸಬಹುದು. ರಾಷ್ಟ್ರೀಯ ಭಾವೈಕ್ಯಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ ಅದಕ್ಕೆ ಬಂದಿದೆ.

ಶರೀಫರು 1889ರಲ್ಲಿ ತೀರಿಕೊಂಡರು. ಒಂದು ಕಡೆ ಕುರಾನ್ ಪಠಣ, ಇನ್ನೊಂದು ಕಡೆ ಮಂತ್ರ ನಡೆಯಿತೆಂದು ಹೇಳುತ್ತಾರೆ. ಶಿಶುನಾಳದ ಅವರ ಗದ್ದುಗೆಗೆ ಇಂದಿಗೂ ಎರಡೂ ಕಡೆಯ ಜನ ನಡೆದುಕೊಳ್ಳುತ್ತಾರೆ. ತಮ್ಮ ಪದಗಳನ್ನು ಅವರು ಅಚ್ಚು ಹಾಕಿಸಲಿಲ್ಲ. ಅವು ಭಜನೆಯವರ, ಮೇಳದವರ ಬಾಯಲ್ಲಿ ಉಳಿದು ಆಮೇಲೆ ಪುಸ್ತಕಕ್ಕೆ ಬಂದವು. ಆದ್ದರಿಂದ ಊರಿಂದ ಊರಿಗೆ ಪಾಠಾಂತರಗಳಿವೆ. ಈ ಸಲ ಧಾರವಾಡ, ಹಾವೇರಿ ಕಡೆಯ ಶಾಲೆಗಳಿಗೆ ಅಭ್ಯಾಸ ಬೋಧನೆಗೆ ಹೋಗುವವರು ಕ್ಯಾಸೆಟ್ಟಿನ ಹಾಡಿಗೇ ನಿಲ್ಲದೆ, ಆ ಊರಿನಲ್ಲಿ ಮೊಹರಂ ಪದ ಹಾಡುವ ಹಿರಿಯರೊಬ್ಬರನ್ನು ಹುಡುಕಿ, ಶರೀಫರ ಒಂದು ಕರ್ಬಲಾ ಪದವನ್ನು ಅವರ ಧಾಟಿಯಲ್ಲೇ ಬರೆದುಕೊಂಡು ಬರಲಿ. ಪಾಠಯೋಜನೆಯ ಜೊತೆಗೆ ಅದನ್ನೂ ಲಗತ್ತಿಸಿ.