ಮಣ್ಣಿನ ಲೆಕ್ಕ ಬರೆದ ಕಾರ್ಲ್ ಟೆರ್ಜಾಗಿ

ಸೈಟ್ ಕೊಳ್ಳುವಾಗ ಖಾತೆ, ಇ.ಸಿ., ವಾಸ್ತು, ರಸ್ತೆ ಎಲ್ಲವನ್ನೂ ವಿಚಾರಿಸುತ್ತೇವೆ. ಕೆಳಗಿನ ಮಣ್ಣು ಎಂಥದು ಎಂದು ಕೇಳುವುದಿಲ್ಲ. ಸಿವಿಲ್ ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ನಾನೂ ಕೇಳಲಿಲ್ಲ. ಸಾಲ ಮಾಡಿ ಕಟ್ಟಿಸಿದ ಮನೆಯ ಗೋಡೆ ಮೂರನೇ ವರ್ಷ ಓರೆಯಾಗಿ ಬಿರುಕು ಬಿಟ್ಟಾಗ, ಕಾಲೇಜಿನಲ್ಲಿ ಬರೀ ಅಂಕಕ್ಕಾಗಿ ಓದಿದ್ದ ಒಂದು ಹೆಸರು ನೆನಪಾಯಿತು. ನನ್ನ ಸಹಪಾಠಿಗಳು ಅನೇಕರು ಈಗ ಸೈಟ್ ಹುಡುಕುತ್ತಿರುವುದರಿಂದ ಆ ಮನುಷ್ಯನ ಕತೆ ನಮ್ಮ ಶಾಲೆಯ ಸಂಚಿಕೆಯಲ್ಲಿರಲಿ ಎನಿಸಿತು.

ಕಾರ್ಲ್ ಟೆರ್ಜಾಗಿ ಹುಟ್ಟಿದ್ದು 1883ರ ಅಕ್ಟೋಬರ್ 2ರಂದು, ಪ್ರಾಗ್ ನಗರದಲ್ಲಿ. ತಂದೆ ಆಸ್ಟ್ರಿಯಾದ ಸೈನ್ಯಾಧಿಕಾರಿ. ಗ್ರಾಟ್ಸ್‌ನಲ್ಲಿ ಓದಿದ್ದು ಮೆಕ್ಯಾನಿಕಲ್, ಮನಸ್ಸು ಹರಿದದ್ದು ಭೂವಿಜ್ಞಾನದ ಕಡೆಗೆ. ಜಲವಿದ್ಯುತ್ ಕಾಮಗಾರಿಗಳಲ್ಲಿ ದುಡಿಯುವಾಗ ಅವರಿಗೆ ಒಂದು ಕೊರತೆ ಕಂಡಿತು. ಉಕ್ಕಿಗೂ ಕಾಂಕ್ರೀಟಿಗೂ ಲೆಕ್ಕವಿತ್ತು. ಅವುಗಳನ್ನು ಹೊರುವ ಮಣ್ಣಿಗೆ ಅಂದಾಜೇ ಗತಿಯಾಗಿತ್ತು.

1916ರಲ್ಲಿ ಪಾಠ ಹೇಳಲು ಇಸ್ತಾಂಬುಲ್‌ಗೆ ಹೋದರು. ಮಹಾಯುದ್ಧದಲ್ಲಿ ಅವರ ಕಡೆಯವರು ಸೋತಾಗ ಆ ಕೆಲಸವೂ ಹೋಯಿತು. ಅಲ್ಲಿಯೇ ರಾಬರ್ಟ್ ಕಾಲೇಜು ಸೇರಿ, ಕೈಗೆ ಸಿಕ್ಕ ಸಾಮಾನಿನಿಂದ ಉಪಕರಣ ಮಾಡಿಕೊಂಡರು. ನೀರು ತುಂಬಿದ ಜೇಡಿಮಣ್ಣನ್ನು ಉಂಗುರದೊಳಗಿಟ್ಟು, ಮೇಲೆ ಭಾರ ಹೇರಿ, ಅದು ಎಷ್ಟು ಹೊತ್ತಿಗೆ ಎಷ್ಟು ಕುಗ್ಗುತ್ತದೆ ಎಂದು ಅಳೆಯುತ್ತ ಕುಳಿತರು. ಗುಟ್ಟು ಸಿಕ್ಕಿದ್ದು ಅಲ್ಲಿ. ಭಾರವನ್ನು ಮೊದಲು ಹೊರುವುದು ಕಣಗಳ ನಡುವಿನ ನೀರು. ಆ ನೀರು ಮೆಲ್ಲಗೆ ಹೊರಗೆ ಹೋದಂತೆ ಭಾರ ಕಣಗಳ ಮೇಲೆ ಬೀಳುತ್ತದೆ, ಮಣ್ಣು ಕುಗ್ಗುತ್ತದೆ. ಮರಳಿನಲ್ಲಿ ನೀರು ಬೇಗ ಸರಿಯುವುದರಿಂದ ಕುಸಿಯುವಷ್ಟು ಕಟ್ಟುವಾಗಲೇ ಕುಸಿದಿರುತ್ತದೆ. ಜೇಡಿಗೆ ವರ್ಷಗಳೇ ಬೇಕಾಗಬಹುದು. ಅಷ್ಟರಲ್ಲಿ ಸೈಟ್ ಮಾರಿದವರು ಫೋನ್ ಎತ್ತುವುದಿಲ್ಲ! ಮನೆಯ ಒಂದು ಮೂಲೆ ಗಟ್ಟಿ ನೆಲದಲ್ಲಿ, ಇನ್ನೊಂದು ಹಳೆಯ ಕೆರೆಯಂಗಳದ ಹೂಳಿನ ಮೇಲೆ ಇದ್ದರೆ ಗೋಡೆ ಸೀಳದೆ ಏನು ಮಾಡೀತು? ನನ್ನ ಮನೆಯ ಕತೆ ಅದೇ.

ಈ ಲೆಕ್ಕಗಳ ಪುಸ್ತಕ 1925ರಲ್ಲಿ ಜರ್ಮನ್ ಭಾಷೆಯಲ್ಲಿ ಬಂತು. ಅದೇ ವರ್ಷ ಅಮೆರಿಕದ ಎಂ.ಐ.ಟಿ.ಗೆ ಹೋದರು, ಮುಂದೆ ವಿಯೆನ್ನಾ, ಕೊನೆಗೆ ಹಾರ್ವರ್ಡ್. ಇಷ್ಟಾದರೂ ಅವರು ಕಾಗದವನ್ನಷ್ಟೇ ನಂಬಿದವರಲ್ಲ. ಸ್ಥಳಕ್ಕೆ ಹೋಗಿ ಮಣ್ಣು ನೋಡಬೇಕು, ಕಟ್ಟುತ್ತಿರುವಾಗಲೂ ಅಳೆಯುತ್ತಿರಬೇಕು, ಅಳತೆ ಬೇರೆ ಹೇಳಿದರೆ ನಕ್ಷೆ ಬದಲಿಸಬೇಕು ಎಂಬುದು ಅವರ ಪದ್ಧತಿ. ಆಫೀಸಿನಲ್ಲಿ ನಾನು ದಿನವೂ ಮಾಡುವ ಟೆಸ್ಟಿಂಗ್ ಬೇರೇನಲ್ಲ. ಸ್ವಂತ ಮನೆಗೆ ಮಾತ್ರ ಮಾಡಿಸಲಿಲ್ಲ. ಮಣ್ಣು ಪರೀಕ್ಷೆಗೆ ಉಳಿಸಿದ ದುಡ್ಡಿನ ಎಷ್ಟೋ ಪಟ್ಟು ಪಾಯ ಬಲಪಡಿಸಲು ತೆತ್ತೆ.

ನಮ್ಮೂರಿನ ಎರೆಮಣ್ಣಿನ ಕಾಯಿಲೆ ಬೇರೆ. ಅದು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಆದರೆ ಅಡ್ವಾನ್ಸ್ ಕೊಡುವ ಮೊದಲು ಗುಂಡಿ ತೋಡಿಸಿ ನೋಡುವುದು ಎರಡಕ್ಕೂ ಬೇಕು.

ಟೆರ್ಜಾಗಿ 1963ರ ಅಕ್ಟೋಬರ್ 25ರಂದು ಅಮೆರಿಕದಲ್ಲಿ ತೀರಿಕೊಂಡರು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ, ಕುಗ್ಗುವ ಜೇಡಿಯ ಮೇಲೆಯೇ ಅವರ ಸಲಹೆಯಂತೆ ಕಟ್ಟಿದ ಒಂದು ಅಣೆಕಟ್ಟಿಗೆ 1965ರಲ್ಲಿ ಅವರ ಹೆಸರಿಟ್ಟರು.